ಸಭಾಭವನದಲ್ಲಿ ಕಿವಿ ಮಂದ ಇದ್ದವರಿಗೆ ಯಾವ ಸಿಸ್ಟಮ್ ಹಾಕ್ಸುದು? ಲೂಪಾ, ಎಫ್‌ಎಂ ಸೆಟ್ಟಾ, ಇನ್‌ಫ್ರಾರೆಡ್ಡಾ, ಔರಾಕಾಸ್ಟಾ?

ನಮ್ಮ ಕಾಸರಗೋಡು ಕಡೆ ಈಗ ಯಾವ ಊರಿಗೆ ಹೋದ್ರೂ ಒಂದು ಸಭಾಭವನ ಹೊಸತಾಗಿ ಕಟ್ಟುದೋ ಹಳೆದನ್ನು ರಿಪೇರಿ ಮಾಡುದೋ ನಡೀತಾ ಇರ್ತದೆ, ಬದಿಯಡ್ಕ, ಪೆರ್ಲ, ಮುಳ್ಳೇರಿಯ, ಉಪ್ಪಳ ಎಲ್ಲಿ ಬೇಕಾದ್ರೂ ನೋಡಿ. ಟೈಲ್ಸ್ ಬರ್ತದೆ, ಎಸಿ ಬರ್ತದೆ, ಸ್ಟೇಜಿನ ಹಿಂದೆ ಎಲ್‌ಇಡಿ ಗೋಡೆ ಬರ್ತದೆ. ಆದ್ರೆ ತಾಳಮದ್ದಳೆ ಕೇಳ್ಲಿಕ್ಕೆ ಅಂತಲೇ ಬೇಗ ಊಟ ಮುಗಿಸಿ ಬಂದು ಎದುರಿನ ಸಾಲಲ್ಲಿ ಕೂತ ಅಜ್ಜನ ಹತ್ರ ಆಮೇಲೆ ಹೇಗಾಯ್ತು ಅಂತ ಕೇಳಿದ್ರೆ "ಪದ ಕೇಳಿತು, ಅರ್ಥ ತಿಳಿಲಿಲ್ಲ" ಅಂತಾರೆ. ಕಮಿಟಿಯವರು ಸೌಂಡಿನವನಿಗೆ ಹೇಳ್ತಾರೆ, ಅವ ವಾಲ್ಯೂಮ್ ಏರಿಸ್ತಾನೆ, ಕಿವಿ ಸರಿ ಇದ್ದವರು ತಲೆನೋವು ಅಂತ ಎದ್ದು ಹೊರಗೆ ಹೋಗ್ತಾರೆ, ಅಜ್ಜನಿಗೆ ಮೊದಲು ಎಷ್ಟು ತಿಳೀತಿತ್ತೋ ಈಗಲೂ ಅಷ್ಟೇ.

ಜೋರು ಮಾಡಿದ್ರೆ ಯಾಕೆ ಆಗುದಿಲ್ಲ ಅಂದ್ರೆ, ವಯಸ್ಸಾಗ್ತಾ ಕಿವಿಯಲ್ಲಿ ಮೊದಲು ಕಮ್ಮಿ ಆಗುದು ಹೈ ಫ್ರೀಕ್ವೆನ್ಸಿ, ಸ, ಶ, ತ, ಕ ಇಂಥ ವ್ಯಂಜನಗಳನ್ನು ಒಂದರಿಂದ ಒಂದು ಬೇರೆ ಮಾಡಿ ಗುರುತಿಸುವ ಸೂಕ್ಷ್ಮ ಇರುದೇ ಅಲ್ಲಿ. ಹಾಗಾಗಿ ಯಾರೋ ಮಾತಾಡ್ತಾ ಇದ್ದಾರೆ ಅಂತ ಗೊತ್ತಾಗ್ತದೆ, ಎಂತ ಮಾತಾಡ್ತಾರೆ ಅಂತ ಗೊತ್ತಾಗುದಿಲ್ಲ. ಅದರ ಮೇಲೆ ಟೈಲ್ಸ್ ನೆಲದ ಎಕೋ, ಫ್ಯಾನಿನ ಗುಯ್ ಅನ್ನುವ ಶಬ್ದ, ಹಿಂದಿನ ಸಾಲಿನವರ ಪಟ್ಟಾಂಗ, ಮಳೆಗಾಲದಲ್ಲಿ ಶೀಟಿನ ಛಾವಣಿ ಆದ್ರೆ ಕೇಳುದೇ ಬೇಡ. ಕಿವಿಗೆ ಮೆಷಿನ್ ಹಾಕಿದವರಿಗೂ ಅದೇ ಕಥೆ, ಆ ಮೆಷಿನಿನ ಮೈಕ್ ಒಂದೆರಡು ಮೀಟರ್ ಹತ್ರದ ಮಾತಿಗೆ ಒಳ್ಳೆದು, ಅದಕ್ಕಿಂತ ದೂರ ಆದ್ರೆ ಮಾತನ್ನೂ ಗದ್ದಲವನ್ನೂ ಒಟ್ಟಿಗೆ ದೊಡ್ಡದು ಮಾಡಿ ಕೊಡ್ತದೆ. ಈ ಎಲ್ಲ ಸಿಸ್ಟಮ್‌ಗಳ ಕೆಲಸ ಒಂದೇ, ಮೈಕಲ್ಲಿ ಬಂದ ಮಾತನ್ನು ಹಾಲಿನ ಗಾಳಿಗೆ ಬಿಡದೆ ನೇರ ಕಿವಿಗೆ ತಲುಪಿಸುದು. ಹೇಗೆ ತಲುಪಿಸ್ತದೆ ಅನ್ನುದರಲ್ಲಿ ಮಾತ್ರ ವ್ಯತ್ಯಾಸ.

ನನ್ನ ಮಟ್ಟಿಗೆ, ಯಾವುದು ಹೊಸ ಟೆಕ್ನಾಲಜಿ ಅಂತ ನೋಡಿ ತಗೊಳ್ಳುದು ದಂಡ. ಎರಡು ಪ್ರಶ್ನೆ ಸಾಕು. ನಮ್ಮ ಊರಿನವರ ಕಿವಿಯಲ್ಲಿ ಈಗ ಎಂತ ಉಂಟು? ಮತ್ತೆ ರಿಸೀವರ್ ಅಂತ ಒಂದು ಇದ್ರೆ ಅದನ್ನು ಚಾರ್ಜ್ ಮಾಡಿ, ಒರೆಸಿ, ಕೊಟ್ಟು, ವಾಪಸ್ ತಗೊಳ್ಳುವವರು ಯಾರು?

ಮೊದಲು ಮೈಕ್ ಸರಿ ಮಾಡಿ

ಇದು ಹೆಚ್ಚು ಖರ್ಚಿಲ್ಲದ ಕೆಲಸ, ಆದ್ರೆ ಇದು ಸರಿ ಇಲ್ಲದಿದ್ರೆ ಲಕ್ಷ ಕೊಟ್ಟು ಹಾಕಿದ ಸಿಸ್ಟಮ್ ಕೂಡ ವೇಸ್ಟ್. ಮೈಕಿಗೆ ಬಾರದ್ದು ಕಿವಿಗೆ ಬರುದಿಲ್ಲ ಅಷ್ಟೇ. ಮೈಕ್ ದೂರ ಇಟ್ಟು "ನನ್ನ ಸ್ವರ ಹೇಗೂ ಕೇಳ್ತದೆ" ಅನ್ನುವ ಅತಿಥಿಗಳು ಎಲ್ಲ ಊರಲ್ಲೂ ಇದ್ದಾರೆ. ತಾಳಮದ್ದಳೆಯಲ್ಲಿ ಪ್ರತಿ ಅರ್ಥಧಾರಿಗೂ ಬೇರೆ ಬೇರೆ ಮೈಕ್ ಬೇಕು, ಭಾಗವತರಿಗೆ ಬೇರೆ, ಚೆಂಡೆ ಮದ್ದಳೆಗೆ ಬೇರೆ. ಮತ್ತೆ ಸೌಂಡಿನವನ ಹತ್ರ ಮಿಕ್ಸರಿನಲ್ಲಿ (ಎಲ್ಲ ಮೈಕಿನ ಸ್ವರ ಬಂದು ಸೇರುವ ಪೆಟ್ಟಿಗೆ) ಒಂದು ಆಕ್ಸ್ ಔಟ್, ಅಂದ್ರೆ ಸ್ಪೀಕರಿನದ್ದಲ್ಲದೆ ಸ್ವರ ಹೊರಗೆ ಕಳಿಸುವ ಇನ್ನೊಂದು ಲೈನ್, ಈ ಸಿಸ್ಟಮಿಗೇ ಅಂತ ಬೇರೆ ಇಡ್ಲಿಕ್ಕೆ ಹೇಳಿ, ಆಗ ಸ್ಪೀಕರಿಗೆ ಹೋಗುದರಲ್ಲಿ ಚೆಂಡೆ ಎಷ್ಟು ಬೇಕಾದ್ರೂ ಇರ್ಲಿ, ಕಿವಿ ಮಂದ ಇದ್ದವರಿಗೆ ಹೋಗುವ ಲೈನಲ್ಲಿ ಮಾತು ಮೇಲೆ, ಚೆಂಡೆ ಕೆಳಗೆ ಇಡ್ಲಿಕ್ಕಾಗ್ತದೆ. ಈ ಒಂದು ವಿಷಯ ಗೊತ್ತಿದ್ದ ಸೌಂಡಿನವ ಸಿಕ್ಕಿದ್ರೆ ನಿಮ್ಮ ಅರ್ಧ ಕೆಲಸ ಮುಗೀತು.

ಲೂಪ್

ಹಿಯರಿಂಗ್ ಲೂಪ್ ಅಂದ್ರೆ ಹಾಲಿನ ಸುತ್ತ ನೆಲದಲ್ಲಿ ಅಥವಾ ಮೇಲೆ ಎಳೆದ ತಾಮ್ರದ ವಯರು, ಅದಕ್ಕೊಂದು ಬೇರೆ ಆಂಪ್ಲಿಫೈಯರ್. ಮೈಕಿನ ಸಿಗ್ನಲ್ ವಯರಲ್ಲಿ ಕರೆಂಟಾಗಿ ಹರಿದು ಕಾಂತಕ್ಷೇತ್ರ ಆಗ್ತದೆ, ಕಿವಿಯ ಮೆಷಿನಿನ ಒಳಗೆ ಟಿ-ಕಾಯಿಲ್ ಅಂತ ಒಂದು ಚಿಕ್ಕ ಸುರುಳಿ ಇದ್ರೆ ಅದು ಅದನ್ನು ಹಿಡಿದು ಪುನಃ ಮಾತು ಮಾಡ್ತದೆ. ಹೊಸ ವಿದ್ಯೆ ಎಂತ ಅಲ್ಲ, ಬ್ರಿಟನ್ನಿನ ಜೋಸೆಫ್ ಪೋಲಿಯಾಕಾಫ್ ಅನ್ನುವವರು 1937ರಲ್ಲೇ ಪೇಟೆಂಟ್ ತಗೊಂಡಿದ್ರು. ಲಂಡನಿನ ಕಪ್ಪು ಟ್ಯಾಕ್ಸಿಯಲ್ಲಿ ಸಹ ಇದು ಉಂಟು.

ಇದರ ದೊಡ್ಡ ಗುಣ ಎಂತ ಅಂದ್ರೆ ರಿಸೀವರಿನ ರಗಳೆಯೇ ಇಲ್ಲ. ಬಂದು ಕೂತು ಕಿವಿಯ ಮೆಷಿನಿನ ಬಟನ್ ಒತ್ತಿ ಟಿ-ಗೆ ಹಾಕಿದ್ರೆ ಆಯ್ತು, ಯಾರ ಹತ್ರವೂ ಹೋಗಿ "ನನಗೆ ಕಿವಿ ಕೇಳುದಿಲ್ಲ, ಅದೊಂದು ಕೊಡಿ" ಅಂತ ಕೇಳ್ಲಿಕ್ಕಿಲ್ಲ. ನಮ್ಮವರಿಗೆ ಈ ನಾಚಿಕೆ ಎಷ್ಟು ದೊಡ್ಡದು ಅಂತ ನಿಮಗೂ ಗೊತ್ತು, ಕಿವಿಯ ಮೆಷಿನ್ ಕಿಸೆಯಲ್ಲಿಟ್ಟುಕೊಂಡು ತಿರುಗುವವರೇ ಎಷ್ಟೋ ಜನ. ಮಾತು ತಡವಾಗುದೂ ಇಲ್ಲ, ತುಟಿ ಆಡುವಾಗಲೇ ಕಿವಿಯಲ್ಲಿ ಕೇಳ್ತದೆ.

ಆದ್ರೆ ಟಿ-ಕಾಯಿಲ್ ಇರ್ಬೇಕಲ್ಲ. ಹಳೇ ಮಾದರಿಯ ಕಿವಿಯ ಹಿಂದೆ ಇಡುವ ಮೆಷಿನಿನಲ್ಲಿ ಎಂ (ಮೈಕ್), ಟಿ (ಟಿ-ಕಾಯಿಲ್), ಓ (ಆಫ್) ಅಂತ ಸ್ವಿಚ್ಚೇ ಇರ್ತಿತ್ತು. ಈಗಿನ ಡಿಜಿಟಲಿನಲ್ಲಿ ಅದು ಒಂದು ಪ್ರೋಗ್ರಾಮ್, ಕಿವಿ ಪರೀಕ್ಷೆ ಮಾಡುವ ಆಡಿಯಾಲಜಿಸ್ಟ್ ಕಂಪ್ಯೂಟರಿಗೆ ಜೋಡಿಸಿ ಆನ್ ಮಾಡಿಕೊಡದಿದ್ರೆ ಒಳಗೆ ಕಾಯಿಲ್ ಇದ್ದೂ ಸತ್ತ ಹಾಗೆ ಬಿದ್ದಿರ್ತದೆ. ಕಿವಿಯ ಒಳಗೆ ಕಾಣದ ಹಾಗೆ ಕೂತ್ಕೊಳ್ಳುವ ಚಿಕ್ಕ ಮೆಷಿನಿನಲ್ಲಿ ಹೆಚ್ಚಾಗಿ ಜಾಗ ಇಲ್ಲದೆ ಇದನ್ನು ಬಿಟ್ಟಿರ್ತಾರೆ, ಹೊಸ ರೀಚಾರ್ಜೆಬಲ್ ಚಿಕ್ಕ ಮಾಡೆಲ್‌ಗಳಲ್ಲಿ ಕೂಡ ಕೆಲವದ್ರಲ್ಲಿ ಇಲ್ಲ. ಆಪರೇಶನ್ ಮಾಡಿ ಕಿವಿಯ ಒಳಗೆ ಕಾಕ್ಲಿಯರ್ ಇಂಪ್ಲಾಂಟ್ ಇಡಿಸಿದವರ ಪ್ರೊಸೆಸರಿನಲ್ಲಿ ತುಂಬಾ ಮಾಡೆಲಿಗೆ ಉಂಟು. ಹಾಗಾಗಿ ಕೊಟೇಶನ್ ಕೇಳುವ ಮೊದಲು ಒಂದು ಆದಿತ್ಯವಾರ ಊರಲ್ಲಿ ಮೆಷಿನ್ ಹಾಕುವವರನ್ನೆಲ್ಲ ಕರೆದು ಮಾಡೆಲ್ ಹೆಸರು ಬರೆದುಕೊಳ್ಳಿ, ಮಂಗಳೂರಲ್ಲಿ ತಗೊಂಡದ್ದೋ, ಅಂಗವಿಕಲರಿಗೆ ಉಪಕರಣ ಕೊಡುವ ಸರಕಾರದ ಎಡಿಪ್ ಸ್ಕೀಮಿನ ಶಿಬಿರದಲ್ಲಿ ಸಿಕ್ಕಿದ್ದೋ, ಮೈಸೂರಿನ ವಾಕ್ ಶ್ರವಣ ಸಂಸ್ಥೆಯಲ್ಲಿ ಮಾಡಿಸಿದ್ದೋ ಎಲ್ಲ. ಇದು ಯಾವ ಸೇಲ್ಸ್‌ನವನೂ ಮಾಡಿಕೊಡದ ಸರ್ವೆ.

ಇನ್ನೊಂದು ಪರೀಕ್ಷೆ ಉಂಟು, ಇದನ್ನು ಖಂಡಿತ ಮಾಡಿ. ಟಿ-ಕಾಯಿಲ್ ಇದ್ದ ಒಬ್ಬರನ್ನು ಮೆಷಿನ್ ಟಿ-ಗೆ ಹಾಕಿಸಿ ಖಾಲಿ ಹಾಲಲ್ಲಿ ಮೂಲೆಯಿಂದ ಮೂಲೆಗೆ ನಡೆಸಿ, ಫ್ಯಾನ್ ಲೈಟ್ ಎಸಿ ಇನ್ವರ್ಟರ್ ಎಲ್ಲ ಆನ್ ಇರ್ಬೇಕು. ವಯರಿಂಗ್ ಸರಿ ಇಲ್ಲದ ಕಡೆ ಅವರಿಗೆ ಗುಂಯ್ ಅಂತ ಕರೆಂಟಿನ ಹಮ್ ಕೇಳ್ತದೆ. ಗೋಡೆಯ ಮೈನ್ ಬೋರ್ಡಿನ ಹತ್ರ, ಹಳೇ ಚೋಕಿನ ಟ್ಯೂಬ್‌ಲೈಟಿನ ಕೆಳಗೆ, ಲೈಟ್ ಮಂದ ಮಾಡುವ ಡಿಮ್ಮರಿನ ಪಕ್ಕ ಜಾಸ್ತಿ ಇರ್ತದೆ. ಕೂರುವ ಜಾಗದಲ್ಲೆಲ್ಲ ಹಮ್ ಇದ್ರೆ ಮೊದಲು ಇಲೆಕ್ಟ್ರಿಷಿಯನನ್ನು ಕರೆದು ಅರ್ತಿಂಗ್, ನ್ಯೂಟ್ರಲ್ ಸರಿ ಮಾಡಿಸಬೇಕು, ಅದು ಆಗದಿದ್ರೆ ಲೂಪಿನ ಆಸೆ ಬಿಟ್ಟುಬಿಡಿ.

ಸಿಮೆಂಟ್ ಸ್ಲಾಬಿನ ಒಳಗಿನ ಕಬ್ಬಿಣದ ರಾಡು ಕಾಂತಕ್ಷೇತ್ರವನ್ನು ತಿಂತದೆ, ಅದಕ್ಕೆ ದೊಡ್ಡ ಹಾಲಿಗೆ ಸುತ್ತಲೂ ಒಂದೇ ವಯರ್ ಎಳೆದ್ರೆ ನಡುವಿನ ಸಾಲಿನವರಿಗೆ ಸರಿಯಾಗಿ ಸಿಗುದಿಲ್ಲ, ನೆಲದಲ್ಲಿ ಪಟ್ಟಿ ಪಟ್ಟಿಯಾಗಿ ಹಾಸುವ ಡಿಸೈನ್ ಬೇಕಾಗ್ತದೆ. ಟೈಲ್ಸ್ ಹಾಕುವ ಮೊದಲೇ ಹಾಸಿದ್ರೆ ಸುಲಭ, ಆಮೇಲೆ ಆದ್ರೆ ಕೆದಕುವ ಕೆಲಸ. ಪಕ್ಕದ ಕೋಣೆಗೂ ಸಿಗ್ನಲ್ ಸೋರ್ತದೆ, ಗುಟ್ಟಿನ ಮೀಟಿಂಗ್ ಮಾಡುವವರು ನೆನಪಿಡಿ. ಮತ್ತೆ ಊರಿನ ಸೌಂಡಿನವ "ನನ್ನ ಹಳೇ ಆಂಪ್ಲಿಫೈಯರಿಗೇ ವಯರ್ ಸುತ್ತಿ ಕೊಡ್ತೇನೆ" ಅಂದ್ರೆ ಬೇಡ ಅನ್ನಿ. ಲೂಪಿನ ವಯರಿಗೆ ಇಂಪೀಡೆನ್ಸ್, ಅಂದ್ರೆ ಕರೆಂಟಿಗೆ ಒಡ್ಡುವ ತಡೆ, ಬಹಳ ಕಮ್ಮಿ, ಅದಕ್ಕೆ ಅಂತಲೇ ಮಾಡಿದ ಕಾನ್‌ಸ್ಟಂಟ್ ಕರೆಂಟ್ ಆಂಪ್ಲಿಫೈಯರ್ ಬೇಕು.

ಕೆಲಸ ಮುಗಿದ ಮೇಲೆ ಸರಿ ಆಗಿದ್ಯಾ ಅಂತ ಅಳೆಯುದಕ್ಕೆ ಅಂತಾರಾಷ್ಟ್ರೀಯ ಸ್ಟ್ಯಾಂಡರ್ಡ್ ಉಂಟು, ಐಇಸಿ 60118-4. ಜೋರಿನ ಮಾತಿಗೆ ಕಾಂತಕ್ಷೇತ್ರ ಮೀಟರಿಗೆ 400 ಮಿಲಿಆಂಪಿಯರ್ ಸಿಗ್ಬೇಕು, 100ರಿಂದ 5000 ಹರ್ಟ್ಸ್ ವರೆಗೆ ಏರಿಳಿತ ಮೇಲೆ 3, ಕೆಳಗೆ 3 ಡೆಸಿಬೆಲ್ ಒಳಗೆ ಇರ್ಬೇಕು. ಕೂತವರ ಕಿವಿಯ ಎತ್ತರ ಅಂತ ನೆಲದಿಂದ 1.2 ಮೀಟರ್ ಮೇಲೆ ಅಳೆಯುವ ಉಪಕರಣ ಹಿಡಿದು ನೋಡುದು. ಈ ನಂಬರ್ ಹೇಳಿ ನೋಡಿ, ಅಂಗಡಿಯವ ಗೊತ್ತಿದ್ದವನಾ ಅಲ್ವಾ ಅಂತ ಒಂದು ನಿಮಿಷದಲ್ಲಿ ಗೊತ್ತಾಗ್ತದೆ.

ಎಫ್‌ಎಂ ಅಥವಾ ಡಿಜಿಟಲ್ ವಯರ್‌ಲೆಸ್ ಸೆಟ್

ಟೂರಿಸ್ಟ್ ಗೈಡ್‌ಗಳು ಕುತ್ತಿಗೆಗೆ ಹಾಕಿಕೊಂಡು ತಿರುಗ್ತಾರಲ್ಲ ಅದೇ ಜಾತಿ. ಒಂದು ಟ್ರಾನ್ಸ್‌ಮಿಟರ್ ಮಿಕ್ಸರಿಗೆ ಸಿಕ್ಕಿಸುದು, ಬೇಕಾದವರಿಗೆ ಚಿಕ್ಕ ರಿಸೀವರ್ ಮತ್ತೆ ಹೆಡ್‌ಫೋನ್ ಕೊಡುದು. ಇದಕ್ಕೆ ಕಿವಿಯ ಮೆಷಿನ್ ಬೇಕು ಅಂತಲೇ ಇಲ್ಲ, ಮತ್ತೆ ನಮ್ಮ ಕಡೆ ಕಿವಿ ಮಂದ ಆಗಿಯೂ ಮೆಷಿನ್ ತಗೊಳ್ಳದವರೇ ಜಾಸ್ತಿ ಕಾಣುದು. ಮೆಷಿನ್ ಇದ್ದವರಿಗೆ ಕುತ್ತಿಗೆಗೆ ಹಾಕುವ ನೆಕ್‌ಲೂಪ್ ಕೊಟ್ರೆ ಅವರ ಟಿ-ಕಾಯಿಲಿಗೇ ಹೋಗ್ತದೆ. ಗೋಡೆ ಒಡೆಯುದು, ನೆಲ ಕೆದಕುದು ಯಾವುದೂ ಇಲ್ಲ, ಇವತ್ತು ಸಭಾಭವನದಲ್ಲಿ, ನಾಳೆ ಗದ್ದೆಯಲ್ಲಿ ಹಾಕಿದ ಚಪ್ಪರದಲ್ಲಿ, ನಾಡಿದ್ದು ಶಾಲೆಯಲ್ಲಿ.

ನಮ್ಮ ಕಡೆಗೆ ಇದರಲ್ಲಿ ಇನ್ನೊಂದು ಲಾಭ ಉಂಟು, ಅದನ್ನು ಬೇರೆ ಊರಿನವರು ಯೋಚಿಸುದಿಲ್ಲ. ಎರಡು ಚಾನೆಲ್ ಇರುವ ಸೆಟ್ ತಗೊಂಡ್ರೆ ಒಂದರಲ್ಲಿ ಸ್ಟೇಜಿನ ಮಾತು, ಇನ್ನೊಂದರಲ್ಲಿ ಒಬ್ಬರು ಮೆಲ್ಲ ಕೂತು ಕನ್ನಡದಲ್ಲಿ ಹೇಳ್ತಾ ಹೋಗ್ಬಹುದು. ಗ್ರಾಮಸಭೆಯಲ್ಲಿ ಅಧಿಕಾರಿ ಮಲಯಾಳದಲ್ಲಿ ಸ್ಕೀಮ್ ವಿವರಿಸ್ತಾ ಹೋಗ್ತಾರೆ, ಮಲಯಾಳ ಬಾರದ ಹಿರಿಯರಿಗೆ ಕಿವಿ ಸರಿ ಇದ್ರೂ ತಲೆಗೆ ಹೋಗುದಿಲ್ಲ, ಕಿವಿಯೂ ಮಂದ ಇದ್ರೆ ತುಟಿ ನೋಡಿ ಊಹಿಸುವ ದಾರಿಯೂ ಇಲ್ಲ, ಗೊತ್ತಿಲ್ಲದ ಭಾಷೆಯ ತುಟಿ ಓದ್ಲಿಕ್ಕೆ ಯಾರಿಗೆ ಆಗ್ತದೆ? ಪಂಚಾಯತಿಗೆ ಅರ್ಜಿ ಕೊಡುವಾಗ ಈ ಎರಡೂ ಕಾರಣ ಒಟ್ಟಿಗೆ ಬರೆದ್ರೆ ತೂಕ ಜಾಸ್ತಿ ಅಂತ ನನ್ನ ಲೆಕ್ಕ.

ಕಷ್ಟ ಇರುದು ಮೇಂಟೆನೆನ್ಸಿನಲ್ಲಿ. ಚಾರ್ಜಿಗೆ ಇಡ್ಬೇಕು, ಹೆಡ್‌ಫೋನಿನ ಸ್ಪಂಜು ಒರೆಸ್ಬೇಕು, ಕಾರ್ಯಕ್ರಮ ಮುಗಿದು ಎಲ್ಲರೂ ಊಟಕ್ಕೆ ಓಡುವಾಗ ವಾಪಸ್ ತಗೊಳ್ಬೇಕು. ಜೂನ್‌ನಿಂದ ಸೆಪ್ಟೆಂಬರ್ ವರೆಗೆ ನಮ್ಮ ಹವೆಯಲ್ಲಿ ಎಲ್ಲದಕ್ಕೂ ಬೂಸ್ಟು ಹಿಡೀತದೆ, ಡಬ್ಬಿಗೆ ಸಿಲಿಕಾ ಜೆಲ್ ಹಾಕಿ ಇಡದಿದ್ರೆ ಓಣಂ ಹೊತ್ತಿಗೆ ತೆಗೆದು ನೋಡುವಾಗ ಕನೆಕ್ಟರ್ ಹಸುರು ಕಟ್ಟಿರ್ತದೆ. ತಗೊಳ್ಳುವಾಗ ಫ್ರೀಕ್ವೆನ್ಸಿ ಸಹ ನೋಡಿ. ಅಮೆರಿಕದಲ್ಲಿ ಇದಕ್ಕೆ ಬಳಸುವ 72ರಿಂದ 76 ಮೆಗಾಹರ್ಟ್ಸಿನ ಸೆಟ್ ಆನ್‌ಲೈನಲ್ಲಿ ಚಂದ ಕಾಣ್ತದೆ ಅಂತ ತರಿಸ್ಬೇಡಿ, ನಮ್ಮ ದೇಶದಲ್ಲಿ ರೇಡಿಯೊ ಫ್ರೀಕ್ವೆನ್ಸಿಗೆ ಒಪ್ಪಿಗೆ ಕೊಡುವ ಡಬ್ಲ್ಯುಪಿಸಿ ಆಫೀಸಿನ ಇಟಿಎ ಸರ್ಟಿಫಿಕೇಟ್ ಇದ್ದದ್ದನ್ನೇ ಕೇಳಿ. 2.4 ಗಿಗಾಹರ್ಟ್ಸಿನ ಡಿಜಿಟಲ್ ಸೆಟ್‌ಗಳು ಸಿಗ್ತವೆ, ಆದ್ರೆ ಅದೇ ಬ್ಯಾಂಡಲ್ಲಿ ವೈಫೈಯೂ ಇರುದು, ಜನರ ಮೈ ಕೂಡ ಆ ಸಿಗ್ನಲನ್ನು ಹೀರ್ತದೆ, ಹಾಗಾಗಿ ಖಾಲಿ ಹಾಲಲ್ಲಿ ಟೆಸ್ಟ್ ಮಾಡಿ ಓಕೆ ಅನ್ಬೇಡಿ, ಟ್ರಾನ್ಸ್‌ಮಿಟರ್ ಎತ್ತರದಲ್ಲಿ ಕಟ್ಟಿ.

ಎಷ್ಟು ರಿಸೀವರ್ ಬೇಕು ಅನ್ನುದಕ್ಕೆ ಅಮೆರಿಕದ 2010ರ ಎಡಿಎ (ಅಂಗವಿಕಲರ ಕಾಯ್ದೆ) ನಿಯಮದ ಲೆಕ್ಕ ಒಂದು ಅಂದಾಜಿಗೆ ಒಳ್ಳೆದು. 50 ಸೀಟಿನ ವರೆಗೆ 2, ಆಮೇಲೆ 200 ಸೀಟಿನ ವರೆಗೆ ಪ್ರತಿ 25 ಸೀಟಿಗೆ ಒಂದೊಂದು ಜಾಸ್ತಿ. ಅಂದ್ರೆ 200 ಸೀಟಿನ ಹಾಲಿಗೆ 8, ಅದರಲ್ಲಿ ಎರಡಕ್ಕಾದ್ರೂ ನೆಕ್‌ಲೂಪ್. ಆದ್ರೆ ಅದು ಎಲ್ಲ ವಯಸ್ಸಿನ ಪ್ರೇಕ್ಷಕರು ಬರುವ ಹಾಲಿನ ಲೆಕ್ಕ, ನಮ್ಮ ತಾಳಮದ್ದಳೆಯ ಎದುರಿನ ಸಾಲಿನ ವಯಸ್ಸು ನೋಡಿದ್ರೆ ಸ್ವಲ್ಪ ಜಾಸ್ತಿಯೇ ಇರ್ಲಿ.

ಇನ್‌ಫ್ರಾರೆಡ್, ವೈಫೈ

ಇವೆರಡನ್ನು ಬೇಗ ಮುಗಿಸ್ತೇನೆ. ಇನ್‌ಫ್ರಾರೆಡ್ ಅಂದ್ರೆ ಕಣ್ಣಿಗೆ ಕಾಣದ ಬೆಳಕಿನಲ್ಲಿ ಮಾತು ಕಳಿಸುದು, ಗೋಡೆ ದಾಟುದಿಲ್ಲ, ಹಾಗಾಗಿ ಕೋರ್ಟು, ಗುಟ್ಟಿನ ಮೀಟಿಂಗಿಗೆ, ಒಂದೇ ಕಟ್ಟಡದಲ್ಲಿ ಸಾಲಾಗಿ ಇರುವ ಸಿನೆಮಾ ಹಾಲುಗಳಿಗೆ ಹೇಳಿ ಮಾಡಿಸಿದ್ದು. ರಿಸೀವರ್ ಬೆಳಕು ಬಿಡುವ ಎಮಿಟರಿಗೆ ಕಾಣ್ತಾ ಇರ್ಬೇಕು, ಶಾಲು ಮುಚ್ಚಿದ್ರೆ ಹೋಯ್ತು. ಬಿಸಿಲು ಬಿದ್ರೆ ಕೆಲಸ ಕೆಡ್ತದೆ, ನಮ್ಮ ಸಭಾಭವನಗಳಲ್ಲಿ ಅರ್ಧ ಗೋಡೆ ಮಾತ್ರ ಕಟ್ಟಿ ಬಾಕಿ ಓಪನ್ ಬಿಡುದೇ ಜಾಸ್ತಿ, ಅಲ್ಲಿ ಹಗಲು ಕಾರ್ಯಕ್ರಮಕ್ಕೆ ಇದು ಆಗಿಬರುದಿಲ್ಲ. ರಿಸೀವರ್ ಹಂಚುವ ರಗಳೆ ಎಫ್‌ಎಮ್ಮಿನಷ್ಟೇ.

ವೈಫೈ ಸಿಸ್ಟಮಿನಲ್ಲಿ ಕೇಳುವವರ ಫೋನೇ ರಿಸೀವರ್, ಆ್ಯಪ್ ಹಾಕಿಕೊಂಡು ಇಯರ್‌ಫೋನ್ ಸಿಕ್ಕಿಸುದು. ಕಾಲೇಜಿಗೆ ಒಳ್ಳೆದು. ಎಂಬತ್ತರ ಅಜ್ಜಿಗೆ ಆ್ಯಪ್ ಕಲಿಸುವ ತಾಳ್ಮೆ ಇದ್ದವರು ಹಾಕ್ಸಿ. ಮಾತು ಒಂಚೂರು ತಡವಾಗಿ ಬರುದೂ ಉಂಟು, ಎದುರು ಕೂತವರಿಗೆ ಸ್ಪೀಕರಿನ ಶಬ್ದ ಮೊದಲು ಬಂದು ಕಿವಿಯದ್ದು ಆಮೇಲೆ ಬಂದ್ರೆ ತಿಳಿಯುದು ಇನ್ನೂ ಕಷ್ಟ, ಹಾಗಾಗಿ ಡೆಮೊ ಕೇಳುದಾದ್ರೆ ಎದುರಿನ ಸಾಲಲ್ಲೇ ಕೂತು ಕೇಳಿ.

ಔರಾಕಾಸ್ಟ್

ಈಗ ಎಲ್ಲರೂ ಕೇಳುದು ಇದನ್ನೇ. ಬ್ಲೂಟೂತಿನವರು 2020ರಲ್ಲಿ ಎಲ್‌ಇ ಆಡಿಯೊ ಅಂತ ತಂದ್ರು, ಅದರಲ್ಲಿ ಒಂದು ಟ್ರಾನ್ಸ್‌ಮಿಟರಿನಿಂದ ಎಷ್ಟು ಜನ ಬೇಕಾದ್ರೂ ಒಟ್ಟಿಗೆ ಕೇಳುವ ವ್ಯವಸ್ಥೆಗೆ 2022ರಲ್ಲಿ ಇಟ್ಟ ಹೆಸರು ಔರಾಕಾಸ್ಟ್. ಜೋಡಿ ಮಾಡುವ ಪೇರಿಂಗ್ ಗಲಾಟೆ ಇಲ್ಲ, ರೇಡಿಯೊ ಸ್ಟೇಷನ್ ಹಿಡಿದ ಹಾಗೆ ಫೋನಲ್ಲಿ ಹಾಲಿನ ಹೆಸರು ಒತ್ತುದು, ಮಾತು ನೇರ ಕಿವಿಯ ಮೆಷಿನಿಗೆ ಬರ್ತದೆ. ಸ್ವರ ಲೂಪಿಗಿಂತ ಚೊಕ್ಕ, ಕರೆಂಟಿನ ಹಮ್ ಇಲ್ಲ, ಪಕ್ಕ ಪಕ್ಕದ ಕೋಣೆಯಲ್ಲಿ ಬೇರೆ ಬೇರೆ ಚಾನೆಲ್ ಇಡ್ಬಹುದು, ಕನ್ನಡ ಮಲಯಾಳ ಎರಡೂ ಬಿಡ್ಬಹುದು.

ಮತ್ತೆ ಇದನ್ನೇ ಯಾಕೆ ಹಾಕ್ಸಬಾರದು? ಕಿವಿಯಲ್ಲಿ ಇರುವ ಮೆಷಿನ್ ಅದಕ್ಕೆ ತಯಾರಿಲ್ಲ. ರಿಸೌಂಡ್ ನೆಕ್ಸಿಯಾದಂಥ ಔರಾಕಾಸ್ಟ್ ಮೆಷಿನುಗಳು ಮಾರ್ಕೆಟಿಗೆ ಬಂದದ್ದೇ 2023ರಲ್ಲಿ, ಹಳೇ ಬ್ಲೂಟೂತ್ ಇದ್ದ ಮಾತ್ರಕ್ಕೆ ಇದು ಬರುದಿಲ್ಲ. ನಮ್ಮ ಕಡೆ ಒಮ್ಮೆ ಮೆಷಿನ್ ತಗೊಂಡ್ರೆ ಅದು ಹಾಳಾಗುವ ವರೆಗೆ ಅದೇ, ಯಾರೂ ಎರಡೆರಡು ವರ್ಷಕ್ಕೆ ಬದಲಿಸುದಿಲ್ಲ. ಹಾಗಂತ ಬಿಟ್ಟುಬಿಡ್ಲಿಕ್ಕೂ ಇಲ್ಲ. ಟ್ರಾನ್ಸ್‌ಮಿಟರ್ ಒಂದು ಚಿಕ್ಕ ಡಬ್ಬಿ, ಯಾವತ್ತು ಬೇಕಾದ್ರೂ ಆಕ್ಸ್ ಔಟಿಗೆ ಸಿಕ್ಕಿಸ್ಬಹುದು. ಈಗ ಕಟ್ಟುವ ಹಾಲಾದ್ರೆ ಸ್ಟೇಜಿನ ಹತ್ರ ಎತ್ತರದಲ್ಲಿ ಒಂದು ಪ್ಲಗ್ ಪಾಯಿಂಟು, ಮಿಕ್ಸರಿನಿಂದ ಅಲ್ಲಿಗೆ ಒಂದು ಆಡಿಯೊ ಕೇಬಲ್ ಎಳೆದು ಇಟ್ಟುಬಿಡಿ. ಹೊಸ ಕಿವಿಯ ಮೆಷಿನ್ ತಗೊಳ್ಳುವವರಿಗೆ ಮಾತ್ರ ಹೇಳಿ, ಟಿ-ಕಾಯಿಲ್ ಮತ್ತು ಔರಾಕಾಸ್ಟ್ ಎರಡೂ ಇದ್ದದ್ದು ತಗೊಳ್ಳಿ ಅಂತ.

ಬರಹದಲ್ಲಿ ಕಾಣಿಸುದು

ಕಿವಿ ತೀರಾ ಕೇಳದವರಿಗೆ ಮೇಲೆ ಹೇಳಿದ ಯಾವುದೂ ಉಪಯೋಗ ಇಲ್ಲ, ಅವರಿಗೆ ಅಕ್ಷರ ಬೇಕು ಅಥವಾ ಸೈನ್ ಭಾಷೆಯವರು ಬೇಕು. ಗೂಗಲ್ಲಿನ ಲೈವ್ ಟ್ರಾನ್ಸ್‌ಕ್ರೈಬ್ 2019ರಲ್ಲಿ ಬಂದದ್ದು, ಆಂಡ್ರಾಯ್ಡಲ್ಲಿ ಧರ್ಮಕ್ಕೆ ಸಿಗ್ತದೆ, ಕನ್ನಡ ಮಲಯಾಳ ಎರಡೂ ಬರೀತದೆ. ಎದುರಾಬದುರು ಕೂತು ನಿಧಾನ ಮಾತಾಡಿದ್ರೆ ಚೆನ್ನಾಗಿ ಆಗ್ತದೆ. ತಾಳಮದ್ದಳೆಗೆ ಬೇಡ ಮಾರಾಯ್ರೆ, ಸಂಸ್ಕೃತ ಶ್ಲೋಕ, ಉದ್ದ ಸಮಾಸ, ನಡುವೆ ಚೆಂಡೆ, ಅದು ಬರೆದದ್ದನ್ನು ಓದಿ ಕೃಷ್ಣ ಸಂಧಾನಕ್ಕೆ ಹೋದನಾ ಸಂತೆಗೆ ಹೋದನಾ ಅಂತ ಸಂಶಯ ಬರ್ತದೆ. ತುಳು, ಹವ್ಯಕ, ಬ್ಯಾರಿ ಅದಕ್ಕೆ ಬರುದೇ ಇಲ್ಲ.

ಹಾಗಾದ್ರೆ ಎಲ್ಲಿಗೆ ಯಾವುದು

ಆಸ್ಪತ್ರೆ, ಬ್ಯಾಂಕು, ಸರಕಾರಿ ಸೇವೆಯ ಅರ್ಜಿ ಹಾಕುವ ಅಕ್ಷಯ ಕೇಂದ್ರದ ಕೌಂಟರಿಗೆ ಕಣ್ಣು ಮುಚ್ಚಿ ಕೌಂಟರ್ ಲೂಪ್. ಚಿಕ್ಕದು, ಮೇಜಿನ ಕೆಳಗೆ ಕೂತ್ಕೊಳ್ತದೆ, ಒಳಗಿನವರ ಎದುರು ಒಂದು ಮೈಕ್ ಇರ್ತದೆ. ಕೌಂಟರಲ್ಲಿ ಎಂತ ಆಗುದು ಅಂತ ನೋಡಿದ್ದೀರಲ್ಲ, ನಡುವೆ ಗ್ಲಾಸು, ಗ್ಲಾಸಲ್ಲಿ ಒಂದು ತೂತು, ಹಿರಿಯರು ಆ ತೂತಿಗೆ ಕಿವಿ ಕೊಡ್ತಾರೆ, ಕಿವಿ ಕೊಟ್ಟಾಗ ಮುಖ ಆಚೆ ತಿರುಗ್ತದೆ, ತುಟಿ ಕಾಣುದಿಲ್ಲ. ಒಳಗಿನವರು ಓಟಿಪಿ ಕೇಳಿದ್ದಾ ಜನನ ವರ್ಷ ಕೇಳಿದ್ದಾ ಗೊತ್ತಾಗದೆ ಆಧಾರ್ ಕಾರ್ಡ್ ತೆಗೆದು ಕೊಡ್ತಾರೆ, ಹಿಂದಿನ ಕ್ಯೂವಿನವರು ನಗ್ತಾರೆ. ಮೆಷಿನ್ ಇಲ್ಲದವರಿಗೆ ಅದೇ ಕೌಂಟರಲ್ಲಿ ಹೆಡ್‌ಫೋನ್ ಇರುವ ಒಂದು ಲೂಪ್ ರಿಸೀವರ್ ಇಟ್ರೆ ಆಯ್ತು, ಅದೂ ಬೇಡ ಅಂದ್ರೆ ಲೈವ್ ಟ್ರಾನ್ಸ್‌ಕ್ರೈಬ್ ಹಾಕಿದ ಒಂದು ಹಳೇ ಟ್ಯಾಬ್ ಗ್ಲಾಸಿನ ಹೊರಗೆ ಮುಖ ಮಾಡಿ ಇಡಿ.

ಹೊಸತಾಗಿ ಕಟ್ತಾ ಇರುವ ಹಾಲಿಗೆ, ಟೈಲ್ಸ್ ಆಗಿಲ್ಲ ಅಂತಾದ್ರೆ, ಎದುರಿನ ನಾಲ್ಕೈದು ಸಾಲಿಗೆ ಮಾತ್ರ ಲೂಪ್ ಹಾಸಿ. ಇಡೀ ಹಾಲಿಗೆ ಬೇಡ, ಖರ್ಚು ಕಮ್ಮಿ, ಅಳತೆಯೂ ಸುಲಭ, ಕುರ್ಚಿಗೆ ಕಿವಿಯ ಚಿತ್ರ ಮತ್ತು ಟಿ ಇರುವ ನೀಲಿ ಬೋರ್ಡ್ ಅಂಟಿಸಿ. ಅದರ ಒಟ್ಟಿಗೆ ನಾಲ್ಕೈದು ಡಿಜಿಟಲ್ ರಿಸೀವರ್, ಮೆಷಿನ್ ಇಲ್ಲದವರಿಗೆ. ಹಳೇ ಹಾಲು, ಚಪ್ಪರ, ಶಾಲೆ, ಗ್ರಾಮಸಭೆ ಎಲ್ಲದಕ್ಕೂ ಡಿಜಿಟಲ್ ವಯರ್‌ಲೆಸ್ ಸೆಟ್, ಎರಡು ಮೂರು ಸಂಘದವರು ಸೇರಿ ಒಂದೇ ಸೆಟ್ ತಗೊಂಡು ಹಂಚಿಕೊಂಡ್ರೂ ನಡೀತದೆ. ಬಸ್‌ಸ್ಟ್ಯಾಂಡು, ರೈಲ್ವೆ ಪ್ಲಾಟ್‌ಫಾರ್ಮಿಗೆ ಕಿವಿಗಿಂತ ಕಣ್ಣಿಗೆ ಕಾಣುವ ಬೋರ್ಡೇ ಮುಖ್ಯ ಅಂತ ನನಗೆ ಕಾಣುದು, ವಿಚಾರಣೆ ಕೌಂಟರಿಗೆ ಮಾತ್ರ ಲೂಪ್.

ದುಡ್ಡಿಗೆ ಅರ್ಜಿ ಹಾಕುವಾಗ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಮತ್ತೆ ಕಟ್ಟಡಗಳು ಎಲ್ಲರಿಗೂ ಬಳಸ್ಲಿಕ್ಕೆ ಆಗುವ ಹಾಗೆ ಇರ್ಬೇಕು ಅನ್ನುವ ಕೇಂದ್ರದ 2021ರ ಹಾರ್ಮೊನೈಸ್ಡ್ ಗೈಡ್‌ಲೈನ್ಸ್ ಎರಡನ್ನೂ ಎತ್ತಿ ಹೇಳಿ. ಕಾಯ್ದೆಯಲ್ಲಿ ಎರಡೂ ಕಿವಿಗೆ 60 ಡೆಸಿಬೆಲಿನಿಂದ 70ರ ವರೆಗೆ ನಷ್ಟ ಇದ್ದವರು ಕಿವಿ ಮಂದದವರು, 70 ಆದ್ರೆ ಕಿವುಡರು ಅಂತ ಲೆಕ್ಕ. ನಿಮ್ಮ ಎದುರಿನ ಸಾಲಿನ ಎಷ್ಟೋ ಜನ 40, 50 ಡೆಸಿಬೆಲಿನಲ್ಲಿ ಇದ್ದು ಅಂಗವಿಕಲ ಸರ್ಟಿಫಿಕೇಟಿಗೆ ಸಿಗದವರು, ಹಾಗಾಗಿ "ಊರಲ್ಲಿ ಅಂಗವಿಕಲರು ಎಷ್ಟು" ಅಂತ ಆಫೀಸಿನವರು ಕೇಳಿದ್ರೆ ಆ ಸಂಖ್ಯೆ ಮಾತ್ರ ಕೊಡ್ಬೇಡಿ, ಹಿರಿಯರ ಸಂಖ್ಯೆಯೂ ಬರೆಯಿರಿ.

ಕೊಟೇಶನಿನಲ್ಲಿ ಇಷ್ಟು ಬರೆಸಿಕೊಳ್ಳಿ: ಲೂಪ್ ಆದ್ರೆ ಕೆಲಸ ಮುಗಿದ ಮೇಲೆ ಐಇಸಿ ಪ್ರಕಾರ ಅಳೆದ ರಿಪೋರ್ಟ್, ಸೆಟ್ ಆದ್ರೆ ರಿಸೀವರಿನ ಬ್ಯಾಟರಿ ಬಿಡಿಯಾಗಿ ಸಿಗ್ತದಾ ಅಂತ, ರಿಪೇರಿಗೆ ಮಂಗಳೂರಾ ಬೆಂಗಳೂರಾ ಅಂತ, ಮತ್ತೆ ಸಿಡಿಲಿಗೆ ವಾರಂಟಿ ಉಂಟಾ ಇಲ್ವಾ ಅಂತ. ತುಲಾ ತಿಂಗಳ ಸಾಯಂಕಾಲದ ಗುಡುಗು ಶುರುವಾದ್ರೆ ಆಂಪ್ಲಿಫೈಯರಿನ ಪ್ಲಗ್ಗೂ ಮಿಕ್ಸರಿನ ಕೇಬಲ್ಲೂ ಎರಡೂ ಎಳೆದು ಇಡ್ಲಿಕ್ಕೆ ಭವನದ ಕೀ ಇರುವವರಿಗೆ ಹೇಳಿ ಇಡಿ, ಹೆಚ್ಚಿನ ಕಂಪೆನಿಯವರು ಸಿಡಿಲಿಗೆ ಇಲ್ಲ ಅಂತಲೇ ಬರೆದಿರ್ತಾರೆ.